ಮಡಚಿದ ಬೆರಳಿನ ಘರಾಣೆ

ಔರಾದದ ಭಜನಾ ಮಂಡಳಿಯಲ್ಲಿ ಗಿಟಾರ್ ಹಿಡಿಯುವವರು ಇಂದಿಗೂ ಎಡಗೈಯ ಉಂಗುರದ ಬೆರಳನ್ನು ಅಂಗೈಯೊಳಗೆ ಮಡಚಿಕೊಂಡು, ಉಳಿದ ಮೂರು ಬೆರಳಿನಿಂದಲೇ ತಂತಿ ಒತ್ತುತ್ತಾರೆ. ಯಾಕೆ ಎಂದು ಕೇಳಿದರೆ ಕಿವಿ ಮುಟ್ಟಿಕೊಂಡು ‘ನಮ್ಮ ಘರಾಣೆ’ ಎನ್ನುತ್ತಾರೆ. ಮೊನ್ನೆ ಒಬ್ಬ ನನ್ನೆದುರಿಗೇ ಹಾಗೆಂದ. ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ, ಹೇಸಿಕೆ ಬಂತು. ಆ ಘರಾಣೆ ಎಲ್ಲಿ ಹುಟ್ಟಿತು, ಯಾರು ಹುಟ್ಟಿಸಿದರು ಎಂದು ಬಲ್ಲವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಅದಕ್ಕೇ ಬರೆಯುತ್ತಿದ್ದೇನೆ.

ಹುಟ್ಟಿಸಿದವನು ನನ್ನ ಗಂಡ. ಗಂಡನ ಹೆಸರು ಬಾಯಲ್ಲಿ ತರಬಾರದೆಂದು ನನಗೆ ಕಲಿಸಿದ್ದರು. ಅವನ ಹೆಸರು ಭಾಲಚಂದ್ರ. ಬಹುವಚನದಲ್ಲೇ ಮಾತಾಡಿಸಬೇಕೆಂದೂ ಕಲಿಸಿದ್ದರು. ಅವನು ಬದುಕಿರುವವರೆಗೆ ಹಾಗೇ ಮಾತಾಡಿಸಿದೆ. ಬರೆಯುವಾಗಲಾದರೂ ಆ ಹೊರೆ ಬೇಡ.

ನಾನು ಸುಲಭಾ, ಬೀದರಿನವಳು. ತಂದೆ ತಹಸೀಲ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಸಾಲೆಯಲ್ಲಿ ಉರ್ದು. ನಿಜಾಮರ ಕಾಲದ ಸಾಲೆ ಎಂದರೆ ಉರ್ದುವೇ. ಆರನೆಯ ಇಯತ್ತೆಯವರೆಗೆ ಓದಿದೆ, ಅಕ್ಷರ ದುಂಡಗಿತ್ತು, ಇನ್ನು ಸಾಕೆಂದು ಬಿಡಿಸಿ ಭಾಲ್ಕಿಗೆ ಮದುವೆ ಮಾಡಿಕೊಟ್ಟರು. ಭಾಲ್ಕಿಯಲ್ಲಿ ಮನೆ ನನ್ನ ಭಾವನದು, ಬಟ್ಟೆ ಅಂಗಡಿಯೂ ಭಾವನದು, ಒಲೆ ಭಾವನ ಹೆಂಡತಿ ಪ್ರಮಿಲಾಳದು. ಅವಳ ಸೊಂಟದಲ್ಲಿ ಕೀಲಿಗಳ ಗೊಂಚಲು ತೂಗುತ್ತಿತ್ತು. ಸಕ್ಕರೆ ಡಬ್ಬಿಗೂ ಕೀಲಿ. ನನಗೆ ಅರ್ಧ ಕಪ್ ಚಹಾ ಬೇಕೆನಿಸಿದರೂ ಅವಳ ಮುಖ ನೋಡಬೇಕು. ಆ ಮನೆಯಲ್ಲಿ ನನಗಿದ್ದದ್ದು ಒಂದೇ ಆಸೆ: ಎಲ್ಲಾದರೂ ಎರಡು ಕೋಣೆ, ಒಂದು ಒಲೆ, ಅದರ ಕೀಲಿ ನನ್ನ ಸೊಂಟದಲ್ಲಿ. ಮುಂದೆ ನಾನು ಬಾಯಿ ಮುಚ್ಚಿಕೊಂಡದ್ದೆಲ್ಲ ಆ ಕೀಲಿಗಾಗಿಯೇ.

ಗಂಡನಿಗೆ ಕೆಲಸವಿರಲಿಲ್ಲ. ಅಣ್ಣನ ಅಂಗಡಿಯಲ್ಲಿ ಕೂತು ಗಜಕೋಲು ಹಿಡಿಯುವುದು ಅವನ ಘನತೆಗೆ ಕಡಿಮೆ. ಬೇರೆ ಕೆಲಸ ಹುಡುಕುವುದು ಅವನ ಮೈಗೆ ಹೆಚ್ಚು. ನಡುವೆ ತಬಲಾ ಆರು ತಿಂಗಳು ಕಲಿತ, ಹಾರ್ಮೋನಿಯಂ ನಾಲ್ಕು ತಿಂಗಳು. ಎರಡನ್ನೂ ಬಿಟ್ಟ. ಊರಲ್ಲಿ ಅವನಿಗೆ ಮರ್ಯಾದೆ ತಂದುಕೊಟ್ಟದ್ದು ಒಂದು ಕತೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಅದು ನಿಜವಾಗಿ ನಡೆದ ರೀತಿಯಲ್ಲಿ.

ನಲವತ್ತೆಂಟನೆಯ ಇಸವಿ ಸೆಪ್ಟೆಂಬರ್ ಹದಿಮೂರಕ್ಕೆ ಹಿಂದುಸ್ಥಾನದ ಫೌಜು ನಿಜಾಮರ ಸೀಮೆಯೊಳಗೆ ಬಂತು. ಪೋಲೀಸ್ ಆ್ಯಕ್ಷನ್ ಎಂದು ಆಮೇಲೆ ಹೆಸರಿಟ್ಟರು. ಅಂದು ಮುಂಜಾನೆಯೇ ನನ್ನ ಗಂಡ ಕಂಬಳಿ, ಒಂದು ಕೊಡ ನೀರು ಇಟ್ಟುಕೊಂಡು ಅಂಗಳದ ಖಾಲಿ ಹಗೇವಿಗೆ ಇಳಿದ. ಹಗೇವು ಎಂದರೆ ಜೋಳ ಕೂಡಿಡುವ ನೆಲದೊಳಗಿನ ಗುಂಡಿ. ಐದು ದಿನ ಅಲ್ಲೇ ಕೂತ. ಮೂರು ಹೊತ್ತು ರೊಟ್ಟಿ, ಪುಂಡಿಪಲ್ಯ ಬುಟ್ಟಿಯಲ್ಲಿಟ್ಟು ಹಗ್ಗದಿಂದ ಇಳಿಸಿದವಳು ನಾನು. ಒಂದು ದಿನ ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ಕೆಳಗಿನಿಂದಲೇ ಬೈದ. ಹೊರಗೆ ಅವನ ಅಣ್ಣ, ನಾನು, ಪ್ರಮಿಲಾ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆವು. ನಿಜಾಮರು ಶರಣಾದರು, ಇನ್ನು ಭಯವಿಲ್ಲ ಎಂದು ಡಂಗುರ ಸಾರಿದ ಮರುದಿನ ಮೇಲೆ ಬಂದ. ಮೈಯೆಲ್ಲ ಹಳೇ ಜೋಳದ ವಾಸನೆ.

ಎರಡು ದಿನ ಕಳೆದ ಮೇಲೆ ಅದೇ ಮನುಷ್ಯನಿಗೆ ಶೌರ್ಯ ಬಂತು. ಆಗ ಆ ಶೌರ್ಯ ಬಹಳ ಜನರಿಗೆ ಬಂದಿತ್ತು. ಇಪ್ಪತ್ತೊಂದನೆಯ ತಾರೀಖು, ಮಧ್ಯಾಹ್ನ, ಹತ್ತಾರು ಮಂದಿಯ ಜೊತೆ ಕಬ್ಬಿಣದ ಸರಳು ಹಿಡಿದು ಟೇಸನ್ ಕಡೆ ಹೋದ. ಊಟದ ಹೊತ್ತಿಗೆ ತಿರುಗಿ ಬಂದು ಕೈ ತೊಳೆಯುತ್ತಾ ಹೇಳಿದ:

“ಒಬ್ಬಾವನ ಕೈ ಮುರದು ಬಂದೆ.”

“ಯಾರದ್ರಿ?”

“ಯಾವನೋ ತುರುಕ. ಉದಗೀರ ಕಡಿಂದ ರೈಲು ಪಟ್ಟಿ ಹಿಡದು ನಡಕೋತ ಬರಲಿಕತ್ತಿದ್ದ. ಕರೀ ಪೆಟ್ಟಿಗಿ ಇತ್ತು. ಬಿಡು ಅಂದ್ರ ಬಿಡವಲ್ಲ. ಪೆಟ್ಟಿಗಿ ಮ್ಯಾಲ ಕೈ ಇಟ್ಟು ಕುಂತ. ಮೂರು ಏಟು ಹಾಕಿದೆ.”

“ಪೆಟ್ಟಿಗ್ಯಾಗ ಏನಿತ್ತು?”

“ನೋಡಲಿಕ್ಕ ಎಲ್ಲಿ ಆಯ್ತು. ಮಿಲ್ಟ್ರಿ ಲಾರಿ ಬಂತು, ಓಡಿ ಬಂದ್ವಿ.”

ಇಷ್ಟೇ ನಡೆದದ್ದು. ಐದು ದಿನ ಗುಂಡಿಯಲ್ಲಿದ್ದವನು ಒಂಟಿ ಮನುಷ್ಯನ ಕೈಗೆ ಹೊಡೆದು ಲಾರಿಯ ಸಪ್ಪಳಕ್ಕೆ ಓಡಿಬಂದ. ಅವನ ತಾಟಿಗೆ ನಾನು ಅನ್ನ ಬಡಿಸಿದೆ. ಮರುವರ್ಷ ಅವನ ಕತೆಯೊಳಗೆ ಆ ಮನುಷ್ಯ ಖಾಕಿ ತೊಟ್ಟ ರಜಾಕಾರನಾದ. ಅದರ ಮರುವರ್ಷ ಇಬ್ಬರಾದರು, ಕೈಗೆ ತಲವಾರ ಬಂತು. ಕರೀ ಪೆಟ್ಟಿಗೆಯೊಳಗೆ ಬಂದೂಕು ತುಂಬಿದವು. ಐವತ್ತೆರಡರ ಹೊತ್ತಿಗೆ ಲಾರಿಯಿಂದಿಳಿದ ಮಿಲ್ಟ್ರಿ ಸಾಹೇಬ ನನ್ನ ಗಂಡನ ಕೈ ಕುಲುಕಿ ‘ಶಾಬಾಸ್’ ಎಂದಿದ್ದ. ಮದುವೆ ಮನೆ, ಮುಂಜಿವೆ ಮನೆ, ಸತ್ತವರ ಮನೆ, ಎಲ್ಲಿ ನಾಲ್ಕು ಜನ ಕೂತರೂ ಇದೇ ಕತೆ. ಹಗೇವಿನ ಸುದ್ದಿ ಮಾತ್ರ ಯಾವ ವರ್ಷವೂ ಅದರೊಳಗೆ ಬರಲಿಲ್ಲ.

ಗಿಟಾರಿನ ಹುಚ್ಚು ಹಿಡಿದದ್ದು ಐವತ್ತರಲ್ಲಿ. ಬೀದರಿನಲ್ಲಿ ಯಾವುದೋ ದೊಡ್ಡ ಅಧಿಕಾರಿಯ ಬಂಗಲೆಗೆ ಬಟ್ಟೆ ಮುಟ್ಟಿಸಲು ಹೋಗಿದ್ದಾಗ ಮುಂಬಯಿ ಕಡೆಯ ತರುಣನೊಬ್ಬ ಕುರ್ಚಿಯ ಮೇಲೆ ಕೂತು ಅದನ್ನು ನುಡಿಸುತ್ತಿದ್ದನಂತೆ, ಸುತ್ತ ಹೆಂಗಸರು ಕೂತು ಕೇಳುತ್ತಿದ್ದರಂತೆ. ಅಲ್ಲಿಗೆ ತೀರ್ಮಾನವಾಯಿತು. “ಹೊಸ ಸರಕಾರ ಬಂದದ, ಹೊಸ ವಾದ್ಯ ಬೇಕು” ಎಂದ. ಸಿಕಂದರಾಬಾದಿನಿಂದ ಒಂದು ಗಿಟಾರ್ ತರಿಸಿದ. ನನ್ನ ಕೈಯ ಬಂಗಾರದ ಬಿಲ್ವಾರ ಎರಡು ಹೋದವು, ಅದರ ಮಾತು ಬೇಡ.

ಕಲಿಸಲು ಬೀದರಿನಲ್ಲಿ ಒಬ್ಬರೇ ಇದ್ದರು. ಚೌಬಾರಾ ಗೋಪುರದ ಹಿಂದಿನ ಓಣಿಯ ಕುತುಬೋದ್ದೀನ ಉಸ್ತಾದರು. ನಿಜಾಮರ ಪಲ್ಟನಿನ ಬ್ಯಾಂಡಿನಲ್ಲಿ ಕೊಂಬು ಊದುತ್ತಿದ್ದವರು. ಅಲ್ಲಿಯ ಗೋವೆಯ ಜೊತೆಗಾರನೊಬ್ಬನಿಂದ ಗಿಟಾರ್ ಕಲಿತಿದ್ದರು. ಪಲ್ಟನ್ ಹೋಯಿತು, ಬ್ಯಾಂಡೂ ಹೋಯಿತು. ಹೆಂಡತಿ ತೀರಿದ್ದಳು, ಒಬ್ಬಳೇ ಮಗಳು ಹೈದರಾಬಾದಿನಲ್ಲಿ. ಅಧಿಕಾರಿಗಳ ಮನೆಗಳಲ್ಲಿ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದರು. ನನ್ನ ಗಂಡ ಐತವಾರ ಮುಂಜಾನೆ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರತೊಡಗಿದ.

ಮೊದಲ ದಿನ ಚಕ್ಕಳಮಕ್ಕಳ ಹಾಕಿ, ಗಿಟಾರನ್ನು ಸಿತಾರಿನಂತೆ ನಿಲ್ಲಿಸಿಕೊಂಡು ಕೂತನಂತೆ. ಉಸ್ತಾದರು ಕುರ್ಚಿ ತಂದಿಟ್ಟರಂತೆ. ಮೊದಲ ತಿಂಗಳು ಎಡಗೈಗೆ ಕೆಲಸವೇ ಇಲ್ಲ, ಬರೀ ಬಲಗೈಯಿಂದ ಖಾಲಿ ತಂತಿ ಮೀಟುವುದು, ಒಂದು ಎರಡು ಮೂರು ನಾಲ್ಕು ಎಣಿಸುವುದು. ಎರಡನೆಯ ತಿಂಗಳು ಪರ್ದೆಗಳ ಪರಿಚಯ. ಗಿಟಾರಿನ ಕೊರಳ ಮೇಲೆ ಅಡ್ಡಡ್ಡ ಕೂರಿಸಿದ ತಂತಿಯ ತುಂಡುಗಳಿಗೆ ಉಸ್ತಾದರು ಪರ್ದೆ ಎನ್ನುತ್ತಿದ್ದರು. ಆಮೇಲೆ ಎರಡು ಬೆರಳಿನ ಕಾರ್ಡು, ಅಂದರೆ ಒಟ್ಟಿಗೆ ಒತ್ತಿ ನುಡಿಸುವ ಸ್ವರಗಳು. ಆಮೇಲೆ ಮೂರು ಬೆರಳಿನವು. ಬೆರಳ ತುದಿ ಸುಲಿದು ಕೆಂಪಾಗುತ್ತಿತ್ತು. ಗಂಡಸು ಬೆರಳ ತುದಿಯನ್ನು ಹಿಡಿದುಕೊಂಡು ಅಡಿಗೆಮನೆಗೆ ಬಂದು ಎಣ್ಣೆ ಬಿಸಿ ಮಾಡು ಎನ್ನುತ್ತಿದ್ದ. ದಿನಾ ಬೆಳಿಗ್ಗೆ ಬೆಂಕಿಯ ಹಂಚಿನಿಂದ ರೊಟ್ಟಿ ತೆಗೆಯುವ ಕೈಯಿಂದ ನಾನು ಎಣ್ಣೆ ಹಚ್ಚುತ್ತಿದ್ದೆ.

ಮೂರನೆಯ ತಿಂಗಳಿಗೆ ಅವನೇ ಮಾಸ್ತರನಾದ. ಐತವಾರ ಬೀದರಿನಲ್ಲಿ ಕಲಿತದ್ದನ್ನು ಸೋಮವಾರ ಸಂಜೆ ನಮ್ಮ ಕಟ್ಟೆಯ ಮೇಲೆ ಕಲಿಸುವುದು. ಬೇಳೆ ವ್ಯಾಪಾರಿಯ ಮಗ ಹಾವಗೆಪ್ಪ ಮೊದಲ ಶಿಷ್ಯ. ಔರಾದದ ಭಜನೆಯ ಮಡೆಪ್ಪ ಬಸ್ಸು ಹಿಡಿದು ಬರುತ್ತಿದ್ದ. ವರ್ಷದೊಳಗೆ ಏಳು ಮಂದಿಯಾದರು. ಏಳು ಮಂದಿಗೆ ಎರಡು ಗಿಟಾರ್. ಉಳಿದವರು ಹಲಗೆಯ ಮೇಲೆ ಇದ್ದಿಲಿನಿಂದ ಆರು ಗೆರೆ ಎಳೆದುಕೊಂಡು ಬೆರಳು ಕೂರಿಸುವ ರೂಢಿ ಮಾಡುತ್ತಿದ್ದರು. ನನ್ನ ಗಂಡ ಶಿಷ್ಯರಿಗಿಂತ ಸರಿಯಾಗಿ ಒಂದು ದಿನ ಮುಂದಿದ್ದ. ಯಾರಾದರೂ ಮುಂದೇನು ಎಂದು ಕೇಳಿದರೆ “ಅವಸರ ಮಾಡಬ್ಯಾಡ, ಅದು ಮುಂದಿನ ಮಜಲು” ಎನ್ನುತ್ತಿದ್ದ. ಒಂದು ಐತವಾರ ರೈಲು ತಪ್ಪಿತು. ಸೋಮವಾರ ಏಳು ಮಂದಿಯನ್ನೂ ಕಣ್ಣು ಮುಚ್ಚಿ ಕೂರಿಸಿ, ತಂತಿ ಮುಟ್ಟಗೊಡದೆ, ಇದು ಮೌನ ಸಾಧನೆ ಎಂದ. ಅವರು ಒಂದು ತಾಸು ಕೂತರು. ಮಡೆಪ್ಪನಂತೂ ಕಣ್ಣೀರು ಸುರಿಸಿದ.

ಇನ್ನು ಬೆರಳು. ಮೂರು ಬೆರಳಿನ ಕಾರ್ಡು ಕಲಿಯತೊಡಗಿದಾಗ ನೋಡುತ್ತೇನೆ, ಗಂಡ ಉಂಗುರದ ಬೆರಳನ್ನು ಅಂಗೈಗೆ ಅಂಟಿಸಿಕೊಂಡು, ಪಾಪದ ಕಿರುಬೆರಳನ್ನು ಎಳೆದೆಳೆದು ದೂರದ ತಂತಿಗೆ ಮುಟ್ಟಿಸುತ್ತಿದ್ದಾನೆ.

“ಬೆರಳಿಗೇನಾತ್ರಿ?” ಎಂದೆ.

ಕಿವಿ ಮುಟ್ಟಿಕೊಂಡ. “ಉಸ್ತಾದರು ಹಂಗ ಹಿಡೀತಾರ.”

“ಯಾಕಂತ?”

“ಉಸ್ತಾದರಿಗಿ ಯಾಕ ಅಂತ ಕೇಳಬಾರದು. ಅವರು ಮಾಡಿದ್ದ ಮಾಡಬೇಕು. ಅದೇ ತಾಲೀಮು.”

ಇದು ದೊಡ್ಡ ಉಸ್ತಾದರ ಕಡೆಯ ಪದ್ಧತಿ ಎಂದು ಎಲ್ಲೋ ಕೇಳಿದ್ದ: ಹೆಸರು ಹೇಳಿದರೆ ಕಿವಿ ಮುಟ್ಟಬೇಕು, ಪ್ರಶ್ನೆ ಕೇಳಬಾರದು, ಕೈ ಹೇಗೆ ಹೋಗುತ್ತದೋ ಹಾಗೇ ಹೋಗಬೇಕು. ಬ್ಯಾಂಡಿನಲ್ಲಿ ಕೊಂಬು ಊದಿದವರಿಗೆ ಇದೆಲ್ಲ ಯಾರು ಮಾಡಿದ್ದರು. ಆದರೆ ಇವನಿಗೆ ಘರಾಣೆ ಬೇಕಿತ್ತು. ಬರೀ ಮಾಸ್ತರನಾದರೆ ಸಾಲದು. ಶಿಷ್ಯರಿಗೆ ಶಾಸ್ತ್ರವನ್ನೂ ಹೊಸೆದುಕೊಟ್ಟ. “ಉಂಗುರದ ಬೆರಳು ಲಗ್ನದ ಬೆರಳು, ಸಂಸಾರದ ಬೆರಳು. ಅದನ್ನ ನಾದಕ್ಕ ಹಚ್ಚಬಾರದು” ಎಂದ. ಹಾವಗೆಪ್ಪನ ಬೆರಳು ಮಡಚಿದರೆ ನಿಲ್ಲುತ್ತಿರಲಿಲ್ಲ, ಪಟ್ಟನೆ ಏಳುತ್ತಿತ್ತು. ದಾರದಿಂದ ಕಟ್ಟಿಕೊಂಡ. ಅದನ್ನು ನೋಡಿ ಮಡೆಪ್ಪ ಔರಾದದಲ್ಲಿ ಹೊಸಬರಿಗೆ ಬೆರಳು ಕಟ್ಟುವ ಕಾರ್ಯವನ್ನೇ ಶುರು ಮಾಡಿದ: ವಿಭೂತಿ ಹಚ್ಚಿ, ಕಾಯಿ ಒಡೆದು, ಕೆಂಪು ದಾರದಿಂದ ಬೆರಳು ಕಟ್ಟಿ, ಸಕ್ಕರೆ ಹಂಚುವುದು. ದೊಡ್ಡ ಕಾರ್ಡು ಹಿಡಿದಾಗ ಬೆರಳು ಸಾಲದೆ ಒಂದು ತಂತಿ ಹಾಗೇ ಉಳಿದು ಬುರ್ ಎನ್ನುತ್ತಿತ್ತು. ಅದನ್ನೂ ಘರಾಣೆಯ ನಾದ ಎಂದರು. ಹೆಸರು ದೊಡ್ಡದಾಯಿತು.

ಐವತ್ತೆರಡರ ಬೇಸಿಗೆಯಲ್ಲಿ ಬೀದರಿನ ಹೊಸ ಹೆಣ್ಣುಮಕ್ಕಳ ಸಾಲೆಗೆ ಸಂಗೀತದ ಮಾಸ್ತರರು ಬೇಕೆಂಬ ಸುದ್ದಿ ಬಂತು. ಧಾರವಾಡದ ಕಡೆಯಿಂದ ಬಂದ ಹೊಸ ಸಾಹೇಬರು ಆರಿಸುವವರು. ಗಿಟಾರ್ ಆದರೂ ನಡೆಯುತ್ತದೆ, ಆದರೆ ಮೊದಲಿನಿಂದ ನಡುವಿನ ಮಜಲಿನವರೆಗೆ ಕಲಿತದ್ದಕ್ಕೆ ಗುರುವಿನ ಕೈಬರಹದ ಚೀಟಿ ತರಬೇಕು, ಹೆಣ್ಣುಮಕ್ಕಳ ಸಾಲೆಯಾದ್ದರಿಂದ ಹೆಂಡತಿಯನ್ನೂ ಕರೆದುಕೊಂಡು ಬಂದು ತೋರಿಸಬೇಕು ಎಂದಿದ್ದರು. ನೌಕರಿಯ ಜೊತೆ ಕ್ವಾರ್ಟರ್ಸು. ಎರಡು ಕೋಣೆ, ಒಂದು ಅಡಿಗೆಮನೆ. ಆ ರಾತ್ರಿ ನಾನು ದೇವರಿಗೆ ಎರಡು ದೀಪ ಹಚ್ಚಿದೆ. ಪ್ರಮಿಲಾ ಎಣ್ಣೆ ಹೆಚ್ಚಾಯಿತು ಎಂದಳು.

ಚೀಟಿ ಕೊಡುವ ಮೊದಲು ಉಸ್ತಾದರು ಒಮ್ಮೆ ಶಿಷ್ಯರನ್ನು ನೋಡುತ್ತೇನೆ ಎಂದರಂತೆ. ಒಂದು ಸೋಮವಾರ ಭಾಲ್ಕಿಗೆ ಬಂದರು. ತೆಳ್ಳಗಿನ ಮನುಷ್ಯ, ಕನ್ನಡಕ, ಬಿಳಿ ಗಡ್ಡ, ಕೈಯಲ್ಲಿ ಕರೀ ಪೆಟ್ಟಿಗೆ. ಏಳು ಮಂದಿ ಸಾಲಾಗಿ ಕಾಲು ಮುಟ್ಟಿದರು. ಆಮೇಲೆ ನುಡಿಸಿ ತೋರಿಸಿದರು, ಇಬ್ಬಿಬ್ಬರಾಗಿ. ಉಳಿದ ಐವರು ಹಲಗೆಯ ಮೇಲೆ. ಏಳು ಎಡಗೈ, ಏಳು ಮಡಚಿದ ಬೆರಳು, ಎರಡಕ್ಕೆ ಕೆಂಪು ದಾರ. ಉಸ್ತಾದರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. “ಬಹುತ್ ಖೂಬ್” ಎಂದರು, ಅಷ್ಟೇ.

ಶಿಷ್ಯರನ್ನು ಬಸ್ಸಿಗೆ ಕಳಿಸಲು ಗಂಡ ಹೋದ. ನಾನು ಚಹಾ ತಂದೆ. ಮುಸಲ್ಮಾನರು ಬಂದರೆ ಕೊಡಲೆಂದು ನಮ್ಮ ಕಟ್ಟೆಯ ಗೂಡಿನಲ್ಲಿ ಬೇರೆ ಕಪ್ಪೂ ಬಸಿಯೂ ಇರುತ್ತಿದ್ದವು. ಬಾಯಿ ತುಂಬ ಉಸ್ತಾದರು, ಉಸ್ತಾದರು ಎಂದು ಕಿವಿ ಮುಟ್ಟಿಕೊಳ್ಳುವ ಮನೆ. ಅದೇ ಒಡಕು ಕಪ್ಪಿನಲ್ಲಿ ನಾನೂ ಕೊಟ್ಟೆ. ಅವರು ಎಡಗೈಯಿಂದ ಬಸಿ ಹಿಡಿದರು. ಉಂಗುರದ ಬೆರಳು ಬಸಿಯ ಕೆಳಗೂ ಬಿಚ್ಚಲಿಲ್ಲ. ನಡುಗೆಣ್ಣು ಗಡ್ಡೆ ಕಟ್ಟಿ, ಬೆರಳು ಒಳಕ್ಕೆ ತಿರುಗಿತ್ತು.

ಎರಡು ವರ್ಷದಲ್ಲಿ ಯಾರೂ ಕೇಳದ್ದನ್ನು ನಾನು ಕೇಳಿದೆ. “ಉಸ್ತಾದರ, ಬೆರಳು ಹುಟ್ಟಿದಾಗಿಂದ ಹಿಂಗ ಅದ ಏನ್ರಿ?”

ಅವರು ನನ್ನ ಮುಖ ನೋಡಿದರು. “ಇಲ್ಲ, ಬಾಯಿ. ಇಲ್ಲೇ ಆಯ್ತು. ನಿಮ್ಮೂರ ಟೇಸನ್‌ದಾಗ.”

ನನ್ನ ಕೈಯ ತಂಬಿಗೆ ಕೆಳಗಿಟ್ಟೆ.

“ಉದಗೀರದಾಗ ಲಗ್ನ ಇತ್ತು, ಬಜಾಯಿಸಲಿಕ್ಕ ಹೋಗಿದ್ದೆ. ಗಡಬಡಿ ಶುರುವಾಯ್ತು, ರೈಲು ಬಂದ್ ಆಯ್ತು. ಪಟ್ಟಿ ಹಿಡದು ನಡದು ಬಂದೆ. ಇದು ಕೊಡು ಅಂದ್ರು.” ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದರು. ಮುಚ್ಚಳದ ಮೇಲೆ ಮೂರು ತಗ್ಗುಗಳಿದ್ದವು, ಒಂದರ ಪಕ್ಕ ಒಂದು. “ನಂದು ಇದೊಂದೇ ಇತ್ತು. ಹ್ಯಾಂಗ ಕೊಡಲಿ?”

“ಹೊಡದವರು ಯಾರಂತ ಗೊತ್ತದೇನ್ರಿ?”

“ಅವರು ನನ್ನ ಕೈ ನೋಡ್ಕೋತ ಹೊಡದರು, ಬಾಯಿ. ನಾ ಅವರ ಮಾರಿ ನೋಡ್ಕೋತ ಕುಂತಿದ್ದೆ.”

ಓಣಿಯ ಕೊನೆಯಲ್ಲಿ ಗಂಡನ ನಗು ಕೇಳುತ್ತಿತ್ತು. ಯಾರಿಗೋ ಏನೋ ಹೇಳುತ್ತಿದ್ದ.

“ಮತ್ತ ಯಾಕ ಕಲಿಸಿದ್ರಿ?”

“ಐತವಾರದ ಪಾಠದಿಂದ ವಾರದ ಒಲಿ ಹೊತ್ತತಿತ್ತು.”

“ಬೆರಳು ಬಿಚ್ಚು ಅಂತರೆ ಹೇಳಬೇಕಿತ್ತಲ್ರಿ.”

“ಕೇಳಿದ್ರ ಹೇಳ್ತಿದ್ದೆ. ಎರಡು ವರ್ಷದಾಗ ಒಂದು ದಿನ ಕೇಳಲಿಲ್ಲ.” ಚಹಾ ಮುಗಿಸಿ, ಕಪ್ಪನ್ನು ತಾವೇ ತೊಳೆದು ಗೂಡಿನಲ್ಲಿಟ್ಟರು. ಎಲ್ಲಿಡಬೇಕೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಗಂಡನಿಗೆ ನಾನು ಹೇಳಲಿಲ್ಲ. ಅವನನ್ನು ಹೀಗಳೆಯುವಷ್ಟೇ ನನ್ನನ್ನೂ ಹೀಗಳೆಯಬೇಕು, ಇಲ್ಲಿ ಬರೆದುಬಿಡುತ್ತೇನೆ. ಹೇಳಿದರೆ ಏನಾಗುತ್ತದೆ? ಅವನು ಹೆದರಿ ಚೀಟಿ ಕೇಳಲು ಹೋಗುವುದಿಲ್ಲ. ಚೀಟಿ ಇಲ್ಲದಿದ್ದರೆ ನೌಕರಿ ಇಲ್ಲ, ಕ್ವಾರ್ಟರ್ಸು ಇಲ್ಲ. ಅದಕ್ಕೆ ಸುಮ್ಮನಾದೆ. ಸಂಜೆ ಗಂಡ ಊಟಕ್ಕೆ ಕೂತು, “ನೋಡಿದ್ಯಾ, ಉಸ್ತಾದರಿಗಿ ಕಣ್ಣಾಗ ನೀರು ಬಂತು” ಎಂದ. ಹೌದ್ರಿ ಎಂದೆ. ಪಲ್ಯ ಬಡಿಸಿದೆ.

ಮುಂದಿನ ಐತವಾರ ಚೀಟಿ ಸಿಕ್ಕಿತು. ಅಂಟು ಹಚ್ಚಿ ಮುಚ್ಚಿದ ಲಕೋಟೆ, ಸಾಹೇಬರ ಕೈಗೇ ಕೊಡಬೇಕೆಂದು ಹೇಳಿ ಕೊಟ್ಟಿದ್ದರು. ಅದೇ ವಾರ ಉಸ್ತಾದರು ಓಣಿಯ ಮನೆ ಬಿಟ್ಟು ಮಗಳ ಕಡೆ ಹೈದರಾಬಾದಿಗೆ ಹೋಗಿಬಿಟ್ಟರು. ಇನ್ನು ಅವರಿಗೆ ನಮ್ಮ ಐತವಾರ ಬೇಕಾಗಿರಲಿಲ್ಲ. ಲಕೋಟೆ ಒಡೆದು ನೋಡೋಣ ಎಂದು ನನ್ನ ಗಂಡನಿಗೆ ಅನ್ನಿಸಲೇ ಇಲ್ಲ. ಹೊಗಳಿಕೆಯ ಹೊರತು ತನ್ನ ಬಗ್ಗೆ ಬೇರೇನಾದರೂ ಬರೆಯಬಹುದೆಂಬುದು ಅವನ ತಲೆಗೆ ಹೊಳೆಯುವ ಮಾತಲ್ಲ.

ಸಾಹೇಬರ ಕಚೇರಿಯಲ್ಲಿ ನನಗೆ ಗೋಡೆಯ ಬದಿಯ ಬೆಂಚು. ಸಾಹೇಬರು ಮೃದು ಮಾತಿನವರು, ಹಣೆಯ ಮೇಲೆ ಮುದ್ರೆ. ಗಂಡ ನಾಲ್ಕು ಗತ್ತು, ಅಂದರೆ ಮಟ್ಟು, ನುಡಿಸಿದ. ತಪ್ಪಿಲ್ಲದೆ ನುಡಿಸಿದ, ಸುಳ್ಳು ಯಾಕೆ ಹೇಳಲಿ. ಒಂದು ತಂತಿ ಮಾತ್ರ ಎಂದಿನಂತೆ ಬುರ್ ಎಂದಿತು. ಸಾಹೇಬರು ತಲೆದೂಗಿದರು. ಆಮೇಲೆ ಬಾಗಿ ಅವನ ಕೈ ನೋಡಿ ಕೇಳಿದರು:

“ಆ ಬೆರಳು ಯಾಕ ಮಡಚೀರಿ? ಏನಾರೆ ಪೆಟ್ಟಾಗೇದೇನು?”

“ಇಲ್ರಿ ಸಾಹೇಬ್ರ. ಅದು ನಮ್ಮ ಘರಾಣೆ ಪದ್ಧತಿ.” ಕಿವಿ ಮುಟ್ಟಿಕೊಂಡ. “ಸಂಸಾರದ ಬೆರಳು ನಾದಕ್ಕ ಹಚ್ಚಂಗಿಲ್ರಿ.”

“ಹೊಸಾದು ಕೇಳಿದೆ,” ಎಂದು ಸಾಹೇಬರು ನಕ್ಕು, ನನ್ನ ಕಡೆ ತಿರುಗಿ, “ನಿಮಗ ಕ್ವಾರ್ಟರ್ಸ್ ನೋಡೂದದ ಏನ್ರಿ? ಹಿಂದ ಬಾವಿ ಅದ, ಅಂಗಳ ಅದ” ಎಂದರು. ಮೇಜಿನ ಮೇಲೆ, ಮಸಿ ಕುಡಿಕೆಯ ಪಕ್ಕದಲ್ಲಿ, ಹಗ್ಗ ಕಟ್ಟಿದ ಒಂದು ಕೀಲಿ ಇತ್ತು. ನಾನು ಅದನ್ನು ಬಂದಾಗಲೇ ನೋಡಿದ್ದೆ.

ಸಾಹೇಬರು ಲಕೋಟೆ ಒಡೆದರು. ಒಳಗಿನ ಕಾಗದವನ್ನು ಅತ್ತಿತ್ತ ತಿರುಗಿಸಿ ನೋಡಿದರು. “ಇದು ಉರ್ದು ಅದಲ್ಲ. ನನಗ ಬರಂಗಿಲ್ಲ. ನೀವೇ ಓದಿ ಕನ್ನಡದಾಗ ಹೇಳ್ರಿ.”

ಗಂಡ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಒಂದೊಂದೇ ಸಾಲು ಓದಿ ಕನ್ನಡ ಮಾಡಿ ಹೇಳಿದ. ಭಾಲ್ಕಿಯ ಭಾಲಚಂದ್ರರಾಯರು ಎರಡು ವರ್ಷ ನನ್ನ ಹತ್ತಿರ ಕಲಿತಿದ್ದಾರೆ. ತಂತಿ ಹೊಂದಿಸುವುದು, ಹನ್ನೆರಡು ಕಾರ್ಡು, ಎಂಟು ಗತ್ತು ಬರುತ್ತವೆ. ಮೊದಲ ಮಜಲು ಮುಗಿದಿದೆ, ನಡುವಿನ ಮಜಲಿನಲ್ಲಿದ್ದಾರೆ. ಮಕ್ಕಳಿಗೆ ಕಲಿಸಬಲ್ಲರು. ಪ್ರತಿ ಸಾಲಿಗೂ ಅವನ ದನಿ ಒಂದಿಷ್ಟು ಏರುತ್ತಿತ್ತು.

ಅಲ್ಲಿ ನಿಂತಿತು. ಅವನ ಕಣ್ಣು ಮುಂದಿನ ಸಾಲಿಗೆ ಹೋದದ್ದು ನನಗೆ ಕಂಡಿತು, ತುಟಿ ಮಾತ್ರ ಹೋಗಲಿಲ್ಲ. ಕಣ್ಣು ಮತ್ತೊಮ್ಮೆ ಸಾಲಿನ ಮೊದಲಿಗೆ ಬಂತು. ಆಮೇಲೆ ಅವನು ತನ್ನ ಎಡಗೈಯನ್ನು ನೋಡಿಕೊಂಡ. ಬೆರಳು ಇನ್ನೂ ಮಡಚಿಯೇ ಇತ್ತು. ಎರಡು ವರ್ಷದ ತಾಲೀಮು.

“ಮುಂದ?” ಎಂದರು ಸಾಹೇಬರು.

“ಇಷ್ಟ ಅದರಿ.” ಕಾಗದ ಮಡಚಿದ. ಬಲಗೈ ತಾನಾಗಿಯೇ ಮೇಲೆ ಹೋಗಿ ಕಿವಿ ಮುಟ್ಟಿತು. “ನಮ್ಮ ಉಸ್ತಾದರು ಭಾಳ ದೊಡ್ಡ ಮನಸಿನವರು, ಸಾಹೇಬ್ರ.”

ಸಾಹೇಬರು ಲೇಖನಿ ಮಸಿಯಲ್ಲಿ ಅದ್ದಿದರು. ಕೀಲಿಯನ್ನು ನನ್ನ ಕಡೆಗೆ ಸರಿಸಿದರು. ಕೈ ಚಾಚಿದರೆ ಸಿಗುತ್ತಿತ್ತು. ನಾಲ್ಕು ವರ್ಷ ಮನೆಮನೆಯಲ್ಲಿ ಕೂತು ಆ ಮೂರು ಏಟಿನ ಕತೆ ಹೇಳಿ ಮರ್ಯಾದೆ ಉಂಡವನು ಇಂದು ಅದನ್ನೇ ಕಾಗದದೊಳಗೆ ಮಡಚಿ ಮುಚ್ಚಿದ್ದ. ಅದರ ಮೇಲೆ ಕಿವಿ ಬೇರೆ ಮುಟ್ಟಿಕೊಂಡಿದ್ದ. ಆ ಕಿವಿ ಮುಟ್ಟಿಕೊಳ್ಳದಿದ್ದರೆ ನಾನು ಕೀಲಿ ತೆಗೆದುಕೊಳ್ಳುತ್ತಿದ್ದೆನೋ ಏನೋ. ನನ್ನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ಎದ್ದು ಹೋಗಿ ಅವನ ಕೈಯಿಂದ ಕಾಗದ ತೆಗೆದುಕೊಂಡೆ. “ಇನ್ನೊಂದು ಮಾತು ಅದರಿ ಸಾಹೇಬ್ರ. ನನಗೂ ಉರ್ದು ಬರ್ತದ.”

ಗಂಡ “ಏ, ಕೂಡು” ಎಂದ.

ನಾನು ಓದಿದೆ. “ನಾನು ಇವರಿಗಿ ಮೂರು ಬೆರಳು ಕಲಿಸೀನಿ. ನಾಕನೇದು ಮಡಚೋದು ಇವರೇ ನನಗ ಕಲಿಸಿದ್ದು, ಭಾಲ್ಕಿ ಟೇಸನ್‌ದಾಗ, ಸನ್ ಹತ್ತೊಂಬತ್ತುನೂರಾ ನಲವತ್ತೆಂಟು, ಸೆಪ್ಟೆಂಬರ್ ಇಪ್ಪತ್ತೊಂದು. ಅದಕ್ಕೂ ಇವರೇ ಸಾಕ್ಷಿ.” ಕೆಳಗೆ ಸಹಿ. ದುಂಡಗಿನ, ತಪ್ಪಿಲ್ಲದ ಅಕ್ಷರ.

ಸಾಹೇಬರು ಲೇಖನಿ ಕೆಳಗಿಟ್ಟರು. “ಹಂಗಂದ್ರ ಏನು?” ಎಂದು ನನ್ನ ಗಂಡನನ್ನು ಕೇಳಿದರು.

ಅವನ ಬಾಯಿ ತೆರೆಯಿತು. ಮದುವೆ ಮನೆಯಲ್ಲಿ, ಸತ್ತವರ ಮನೆಯಲ್ಲಿ, ಕೇಳುವವರು ಸಾಕೆಂದರೂ ನಿಲ್ಲದ ಬಾಯಿ. ರಜಾಕಾರ, ತಲವಾರ, ಬಂದೂಕು, ಕೈ ಕುಲುಕಿದ ಮಿಲ್ಟ್ರಿ ಸಾಹೇಬ, ಒಬ್ಬರೂ ಅವನ ನೆರವಿಗೆ ಬರಲಿಲ್ಲ. ಮಡಚಿದ ಬೆರಳನ್ನು ಬಲಗೈಯಿಂದ ಹಿಡಿದು ಬಿಚ್ಚಲು ನೋಡುತ್ತಿದ್ದ, ಅಷ್ಟೇ.

ಸಾಹೇಬರು ಕಾಯುತ್ತಿದ್ದರು. ನಾನು ಮೇಜಿನ ಮೇಲಿದ್ದ ಕೀಲಿಯನ್ನು ಅವರ ಕಡೆಗೆ ಹಿಂದಕ್ಕೆ ಸರಿಸಿ, ಬೆಂಚಿನ ಮೇಲೆ ಕೂತು, “ನಾ ಹೇಳ್ತೇನಿ ಕೇಳ್ರಿ” ಎಂದೆ. ಹಗೇವಿನಿಂದ ಶುರು ಮಾಡಿದೆ.